ಖುಲ್ತಾಬಾದ್: ಬೆಟ್ಟದ ಮೇಲಿನ ಎರಡನೆಯ ಮನೆ

ವೇರೂಳದ ಕೈಲಾಸ ದೇವಾಲಯವನ್ನು ನೋಡಿಬರದ ಕನ್ನಡ ಕುಟುಂಬ ಮುಂಬಯಿಯಲ್ಲಿ ಬಹುಶಃ ವಿರಳ. ಶಿರಡಿ ಯಾತ್ರೆಯ ಜೊತೆಗೋ, ಎಲ್.ಟಿ.ಸಿ. ಪ್ರವಾಸದ ನೆಪದಲ್ಲೋ ಒಮ್ಮೆಯಾದರೂ ಅಲ್ಲಿಗೆ ಹೋಗಿ, ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಇಡೀ ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕಡೆಸಿದ ಬಗೆಯನ್ನು ಮಕ್ಕಳಿಗೆ ತೋರಿಸಿ, ‘ಇದು ನಮ್ಮವರ ಕೆಲಸ’ ಎಂದು ಎದೆಯುಬ್ಬಿಸಿಕೊಂಡು ಬಂದಿರುತ್ತೇವೆ. ಆದರೆ ಆ ಗುಹೆಗಳನ್ನು ಕೊರೆದ ಬೆಟ್ಟದ ನೆತ್ತಿಯ ಮೇಲೆಯೇ ಒಂದು ಊರಿದೆ ಎಂಬುದನ್ನು ಗಮನಿಸಿದವರು ಕಡಿಮೆ. ಛತ್ರಪತಿ ಸಂಭಾಜಿನಗರದಿಂದ, ಅಂದರೆ ಹಿಂದಿನ ಔರಂಗಾಬಾದಿನಿಂದ, ಸುಮಾರು 25 ಕಿಲೋಮೀಟರು ಬಂದು, ದೌಲತಾಬಾದಿನ ಕೋಟೆ ದಾಟಿ ಘಾಟು ಹತ್ತಿದರೆ ಆ ಊರು. ಊರು ದಾಟಿ ಘಾಟು ಇಳಿದರೆ ವೇರೂಳ. ಪ್ರವಾಸದ ಬಸ್ಸು ಇಲ್ಲಿ ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ಔರಂಗಜೇಬನ ಗೋರಿ ಇಲ್ಲೇ ಎಂದು ಗೈಡು ಕೈ ತೋರಿಸುವಷ್ಟರಲ್ಲಿ ಊರು ಹಿಂದೆ ಸರಿದಿರುತ್ತದೆ.

ಈಚೆಗೆ ಈ ಊರಿನ ಹೆಸರು ನಮ್ಮ ಸಂಘದ ಮಾತುಕತೆಗಳಲ್ಲಿ ಬೇರೊಂದು ಕಾರಣಕ್ಕೆ ಕೇಳಿಬರುತ್ತಿದೆ. ನಾಗಪುರ-ಮುಂಬಯಿ ಸಮೃದ್ಧಿ ಮಹಾಮಾರ್ಗದ ಶಿರಡಿವರೆಗಿನ ಭಾಗ 2022ರ ಡಿಸೆಂಬರಿನಲ್ಲಿ, ಮುಂಬಯಿ ಕಡೆಯ ಕೊನೆಯ ಭಾಗ 2025ರ ಜೂನಿನಲ್ಲಿ ತೆರೆದ ಮೇಲೆ, ದೌಲತಾಬಾದಿನ ಹತ್ತಿರದ ಮಾಳಿವಾಡಾದಲ್ಲಿ ಇಳಿದು ಬೆಟ್ಟ ಹತ್ತುವುದು ಸುಲಭವಾಗಿದೆ. ಖುಲ್ತಾಬಾದಿನಿಂದ ಹನ್ನೆರಡು ಕಿಲೋಮೀಟರು ಮೇಲಿರುವ ಮ್ಹೈಸಮಾಳದ ರಸ್ತೆಯ ಬದಿಯಲ್ಲಿ ‘ವೀಕೆಂಡ್ ಹೋಮ್’, ‘ಫಾರ್ಮ್ ಹೌಸ್ ಪ್ಲಾಟು’ ಎಂಬ ಫಲಕಗಳು ಎದ್ದಿವೆ. ನಿವೃತ್ತಿ ಹತ್ತಿರವಾದ ಸದಸ್ಯರು, ‘ಲೋಣಾವಳೆಯಂತೂ ನಮ್ಮ ಕೈಗೆ ಎಟುಕುವುದಿಲ್ಲ, ಇದಾದರೂ ಆದೀತೇನೋ’ ಎಂದು ಕೇಳುವುದುಂಟು. ದರದ ವಿಷಯ ಹೇಳಲು ನಾನು ಅರ್ಹನಲ್ಲ. ಆದರೆ ಈ ಬೆಟ್ಟದ ಮೇಲೆ ಬೇರೆ ಊರಿನವರು ಎರಡನೆಯ ಮನೆ ಮಾಡಿಕೊಳ್ಳುವುದು ಇಂದು ನಿನ್ನೆಯ ಪರಿಪಾಠವಲ್ಲ. ಅದಕ್ಕೆ ಏಳುನೂರು ವರ್ಷದ ಚರಿತ್ರೆಯಿದೆ. ಆ ಚರಿತ್ರೆ ಇಂದಿನ ಪ್ಲಾಟಿನ ಕಾಗದದವರೆಗೂ ಬಂದು ಮುಟ್ಟುತ್ತದೆ.

ಹೆಸರಿನಿಂದಲೇ ಆರಂಭಿಸೋಣ. ಮರಾಠಿಯಲ್ಲಿ ಖುಲ್ತಾಬಾದ್, ಉರ್ದುವಿನಲ್ಲಿ ಖುಲ್ದಾಬಾದ್. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ಅವನಿಗೆ ‘ಖುಲ್ದ್-ಮಕಾನ್’ ಎಂಬ ಮರಣೋತ್ತರ ಬಿರುದು ಬಂತು. ಮಕಾನ್ ಎಂದರೆ ಮನೆ. ನಮ್ಮ ಕಲಬುರಗಿ, ಬೀದರ ಕಡೆಯ ಮಾತಿನಲ್ಲಿಯೂ ಈ ಪದವಿದೆ. ಖುಲ್ದ್ ಎಂದರೆ ಎಂದೆಂದಿಗೂ ಇರುವ ಸ್ವರ್ಗ. ಶಾಶ್ವತವಾದ ಮನೆಯುಳ್ಳವನು ಎಂದು ಅರ್ಥ. ಆ ಬಿರುದಿನಿಂದ ಊರಿಗೆ ಹೆಸರು. ಅದಕ್ಕೆ ಮೊದಲು ಜನ ಇದನ್ನು ರೌಜಾ ಎನ್ನುತ್ತಿದ್ದರು. ರೌಜಾ ಎಂದರೆ ತೋಟ, ಸಮಾಧಿಯ ತೋಟ. ಸ್ಥಳದ ಹಿಂದೂಗಳ ನಂಬಿಕೆಯಲ್ಲಿ ಇನ್ನೂ ಹಿಂದೆ ಇದು ಭದ್ರಸೇನನೆಂಬ ರಾಜನ ಭದ್ರಾವತಿ. ಹೀಗೆ ಒಂದೇ ಊರಿಗೆ ಎರಡು ಮೂರು ಪದರಗಳ ಹೆಸರು.

ಬೆಟ್ಟದ ಬುಡದ ದೇವಗಿರಿ ಸೇವುಣರ ರಾಜಧಾನಿಯಾಗಿತ್ತು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಐದನೆಯ ಭಿಲ್ಲಮ ಅದನ್ನು ಕಟ್ಟಿದ. ಆ ಮನೆತನದ ಶಾಸನಗಳಲ್ಲಿ ಕನ್ನಡದವು ಬಹಳ ಎಂಬುದನ್ನು ಇಲ್ಲಿ ನೆನೆದರೆ ಸಾಕು. ಅದೇ ಒಂದು ಪ್ರತ್ಯೇಕ ಲೇಖನವಾದೀತು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ಅದೇ ದೇವಗಿರಿಯನ್ನು ದೌಲತಾಬಾದ್ ಎಂದು ಕರೆದು ರಾಜಧಾನಿ ಮಾಡಿಕೊಂಡ. ಈ ಪ್ರಸಂಗವನ್ನು ನಾವು ಶಾಲೆಯಲ್ಲಿ ನಗೆಗಾಗಿ ಓದಿದ್ದೇವೆ. ಆದರೆ ವರ್ಗಾವಣೆಯ ಆದೇಶ ಹಿಡಿದು ಸಾಮಾನು ಕಟ್ಟಿದವರಿಗೆ ಅದು ನಗೆಯಾಗಿರಲಿಲ್ಲ. ಆಗ ದಕ್ಷಿಣಕ್ಕೆ ಬಂದವರಲ್ಲಿ ನಿಜಾಮುದ್ದೀನ್ ಔಲಿಯಾರ ಶಿಷ್ಯರಾದ ಚಿಶ್ತಿ ಪಂಥದ ಸೂಫಿಗಳು ಹಲವರು. ಕೋಟೆಯ ಗದ್ದಲದಿಂದ ದೂರ, ಬೆಟ್ಟದ ಮೇಲಿನ ಬಯಲು ಇವರಿಗೆ ಒಪ್ಪಿತು. ಬುರ್ಹಾನುದ್ದೀನ್ ಗರೀಬ್ 1337ರಲ್ಲಿ ಇಲ್ಲಿ ಸಮಾಧಿಸ್ಥರಾದರು. ತಾಪಿ ನದಿಯ ದಂಡೆಯ ಬುರ್ಹಾನಪುರಕ್ಕೆ ಹೆಸರು ಬಂದದ್ದು ಇವರಿಂದ. ಇವರಿಗಿಂತ ಮೊದಲೇ ಬಂದಿದ್ದ ಇವರ ಸಹೋದರ ಮುಂತಜಿಬುದ್ದೀನ್ ‘ಜರ್ ಜರಿ ಜರ್ ಬಖ್ಷ್’ ಎಂದು ಪ್ರಸಿದ್ಧರು. ಜೈನುದ್ದೀನ್ ಶಿರಾಜಿ 1369ರಲ್ಲಿ ತೀರಿಕೊಂಡರು. ನಿಜಾಮುದ್ದೀನರ ಮಾತುಗಳನ್ನು ಬರೆದಿಟ್ಟ ಕವಿ ಅಮೀರ್ ಹಸನ್ ಸಿಜ್ಜಿಯ ಸಮಾಧಿಯೂ ಇಲ್ಲಿಯೇ.

ಇವರೊಂದಿಗೆ ಸೈಯದ್ ಯೂಸುಫ್ ಎಂಬವರೂ ಬಂದರು. ರಾಜು ಕತ್ತಾಲ್ ಎಂದು ಜನ ಕರೆದ ಈ ಮನುಷ್ಯ 1328ರ ಸುಮಾರಿಗೆ ಏಳು ವರ್ಷದ ಮಗನನ್ನು ಕರೆದುಕೊಂಡು ದೌಲತಾಬಾದಿಗೆ ಬಂದು, ಮೂರು ವರ್ಷದೊಳಗೆ ತೀರಿಕೊಂಡರು. ಗೋರಿ ಖುಲ್ತಾಬಾದಿನಲ್ಲಾಯಿತು. ತಾಯಿ ಕೆಲವು ವರ್ಷಗಳ ಮೇಲೆ ಮಗನೊಂದಿಗೆ ದಿಲ್ಲಿಗೆ ಮರಳಿದಳು. ಆ ಹುಡುಗ ದಿಲ್ಲಿಯಲ್ಲಿ ಓದಿ, ಗುರುವಾಗಿ, ಎಪ್ಪತ್ತೇಳು ವರ್ಷದ ಮುದುಕನಾದ ಮೇಲೆ, 1398ರಲ್ಲಿ ತೈಮೂರನ ದಂಡು ಬರುವ ಹೊತ್ತಿಗೆ ದಿಲ್ಲಿಯನ್ನು ಬಿಟ್ಟು ಗುಜರಾತಿನ ಮಾರ್ಗವಾಗಿ ದಕ್ಷಿಣಕ್ಕೆ ಹೊರಟ. ಬೆಟ್ಟ ಹತ್ತಿ ತಂದೆಯ ಗೋರಿಯನ್ನು ಕಂಡ. ಬಹಮನಿ ಸುಲ್ತಾನ ಫಿರೋಜಶಹನ ಕರೆಯ ಮೇಲೆ ಅಲ್ಲಿಂದ ಗುಲ್ಬರ್ಗಾಕ್ಕೆ ಬಂದು ನೆಲೆಸಿ, 1422ರಲ್ಲಿ ಶತಾಯುಷಿಯಾಗಿ ಕಾಲವಶರಾದವರೇ ಖ್ವಾಜಾ ಬಂದೇ ನವಾಜ್ ಗೇಸುದರಾಜ್. ಕಲಬುರಗಿಯಲ್ಲಿ ಹುಟ್ಟಿಬೆಳೆದ ನಮ್ಮ ವಾಚಕರಿಗೆ ಆ ದರ್ಗಾ, ಅದರ ಉರುಸು, ಅಲ್ಲಿನ ಅಂಗಡಿ ಸಾಲು ಬಾಲ್ಯದ ನೆನಪು. ಆ ಖ್ವಾಜಾ ಅವರ ಪಿತೃಭೂಮಿ ಈ ಬೆಟ್ಟದ ಮೇಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಹುಟ್ಟಿದ್ದು ಒಂದೆಡೆ, ತಂದೆಯನ್ನು ಮಣ್ಣು ಮಾಡಿದ್ದು ಇನ್ನೊಂದೆಡೆ, ನೆಲೆ ನಿಂತದ್ದು ಮತ್ತೊಂದೆಡೆ. ಪರಸ್ಥಳದಲ್ಲಿ ಸಂಸಾರ ಮಾಡುವ ನಮಗೆ ಈ ಕಥೆ ಪರಕೀಯವಾಗಿ ಕಾಣಲಾರದು.

ಸಂತರ ಗೋರಿಗಳ ನೆರೆಯಲ್ಲಿ ಜಾಗ ಸಿಕ್ಕರೆ ಪುಣ್ಯ ಎಂಬ ನಂಬಿಕೆ ಬೆಳೆದ ಮೇಲೆ ದೊಡ್ಡವರ ಸರದಿ ಬಂತು. ಗುಲಾಮನಾಗಿ ಆಫ್ರಿಕದಿಂದ ಬಂದು ಅಹಮದನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ ಕೆಳಗಿನ ಖಡಕಿಯಲ್ಲಿ ನಗರ ಕಟ್ಟಿದ. ಅದೇ ಮುಂದೆ ಔರಂಗಾಬಾದಾಯಿತು. ಆದರೆ ತನ್ನ ಗೋರಿಯನ್ನು ಕಟ್ಟಿಸಿಕೊಂಡದ್ದು ಬೆಟ್ಟದ ಮೇಲೆ. 1626ರಲ್ಲಿ ಅಲ್ಲಿಗೆ ಸೇರಿದ. ಗೋಳಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಹ 1687ರಲ್ಲಿ ರಾಜ್ಯ ಕಳೆದುಕೊಂಡು ದೌಲತಾಬಾದಿನ ಚೀನೀ ಮಹಲಿನಲ್ಲಿ ಹನ್ನೆರಡು ವರ್ಷ ಸೆರೆಯಲ್ಲಿದ್ದು, ಸತ್ತ ಮೇಲೆ ಅವನಿಗೂ ಇಲ್ಲಿಯೇ, ರಾಜು ಕತ್ತಾಲರ ದರ್ಗಾದ ಆವರಣದಲ್ಲಿ, ಆರಡಿ ಮೂರಡಿ ಜಾಗ ಸಿಕ್ಕಿತು. ಹೈದರಾಬಾದಿನ ನಿಜಾಮರ ಮನೆತನದ ಮೂಲಪುರುಷ ಒಂದನೆಯ ಆಸಫ್ ಜಾ 1748ರಲ್ಲಿ ಬುರ್ಹಾನಪುರದಲ್ಲಿ ಸತ್ತರೂ ಶವ ಇಲ್ಲಿಗೆ ಬಂತು. ಅವನ ಮಗ ನಾಸಿರ್ ಜಂಗ್ 1750ರಲ್ಲಿ ದೂರದ ಜಿಂಜಿಯ ಹತ್ತಿರ ಕೊಲೆಯಾದರೂ ಅಷ್ಟೇ.

ಇವರೆಲ್ಲರಿಗಿಂತ ನನಗೆ ಸ್ವಾರಸ್ಯವೆನಿಸುವವನು ಆಜಾದ್ ಬಿಲ್ಗ್ರಾಮಿ. ಉತ್ತರ ಹಿಂದೂಸ್ತಾನದಿಂದ ಬಂದು ಔರಂಗಾಬಾದಿನಲ್ಲಿ ನೆಲೆಸಿದ ಹದಿನೆಂಟನೆಯ ಶತಮಾನದ ಈ ವಿದ್ವಾಂಸ ಖುಲ್ತಾಬಾದಿನ ಸಂತರ ಚರಿತ್ರೆಯನ್ನು ಬರೆದವನು. ಕವಿ ಅಮೀರ್ ಹಸನನ ಗೋರಿಯ ಹತ್ತಿರ ತಾನು ಬದುಕಿರುವಾಗಲೇ ಜಾಗ ಮಾಡಿಕೊಂಡು, ಸಮಾಧಿಯನ್ನು ಸಿದ್ಧಪಡಿಸಿ, ಅದಕ್ಕೆ ‘ಆಖಿಬತ್ ಖಾನಾ’, ಅಂದರೆ ಅಂತ್ಯದ ಮನೆ, ಎಂದು ಹೆಸರನ್ನೂ ಇಟ್ಟ. 1786ರಲ್ಲಿ ಅಲ್ಲಿ ವಾಸಕ್ಕೆ ಹೋದ. ಮುಂಗಡ ಬುಕಿಂಗ್ ಮಾಡಿ, ಮನೆಗೆ ಹೆಸರು ಬರೆಸಿ, ಎಷ್ಟೋ ವರ್ಷಗಳ ಮೇಲೆ ಗೃಹಪ್ರವೇಶ ಮಾಡಿದಂತೆ! ನಮ್ಮ ಸಹಕಾರಿ ಗೃಹನಿರ್ಮಾಣ ಸಂಘಗಳ ಸದಸ್ಯರಿಗೆ ಇದರ ಮರ್ಮ ವಿವರಿಸಬೇಕಾಗಿಲ್ಲ.

ಔರಂಗಜೇಬನ ವಿಷಯಕ್ಕೆ ಬಂದರೆ, ಅವನು 1681ರಲ್ಲಿ ದಕ್ಷಿಣಕ್ಕೆ ಬಂದವನು ಮತ್ತೆ ದಿಲ್ಲಿಗೆ ಮರಳಲಿಲ್ಲ. ಇಪ್ಪತ್ತೈದು ವರ್ಷ ಬಹುಪಾಲು ಡೇರೆಯಲ್ಲಿ ಕಳೆದ. 1686ರಲ್ಲಿ ಬಿಜಾಪುರ ಬಿತ್ತು. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ನಮ್ಮ ನೆಲದ್ದೇ. 1705ರಲ್ಲಿ ಸುರಪುರದ ಬೇಡ ನಾಯಕ ಪಿಡ್ಡನಾಯಕನ ವಾಗಣಗೇರಿ ಕೋಟೆಯ ಮುಂದೆ ಮೂರು ತಿಂಗಳು ಕುಳಿತ. ಕೋಟೆಯೇನೋ ಸಿಕ್ಕಿತು, ನಾಯಕ ಸಿಗಲಿಲ್ಲ. ಅಲ್ಲಿಯೇ ಹತ್ತಿರದ ದೇವಾಪುರದ ಬಿಡಾರದಲ್ಲಿ ಮುದುಕ ಬಾದಶಹ ಕಾಯಿಲೆ ಬಿದ್ದ. ನಿಧಾನವಾಗಿ ಅಹಮದನಗರಕ್ಕೆ ಹಿಂತಿರುಗಿ 1707ರಲ್ಲಿ ತೀರಿಕೊಂಡ. ಜೈನುದ್ದೀನ್ ಶಿರಾಜಿಯ ದರ್ಗಾದ ಅಂಗಳದಲ್ಲಿ, ಮೇಲೆ ಮಾಡಿಲ್ಲದೆ, ಬರಿಯ ಮಣ್ಣಿನ ಗೋರಿ. ಟೋಪಿ ಹೊಲಿದು ಗಳಿಸಿದ ಕೆಲವು ರೂಪಾಯಿಯಲ್ಲಿಯೇ ಅದರ ಖರ್ಚು ನಡೆಯಬೇಕೆಂದು ಅವನ ಇಚ್ಛೆಯಾಗಿತ್ತೆಂದು ಹೇಳಿಕೆ. ಸುತ್ತಲಿನ ಅಮೃತಶಿಲೆಯ ಜಾಲಿ ಬಹಳ ಈಚಿನದು. ವೈಸರಾಯ್ ಕರ್ಜನ್ ನೋಡಿದ ಮೇಲೆ ನಿಜಾಮರ ಸರಕಾರ ಹಾಕಿಸಿದ್ದು.

ಇಷ್ಟು ಜನ ದೊಡ್ಡವರು ಬಂದು ಮಲಗಿದರೆ ಅವರನ್ನು ನೋಡಿಕೊಳ್ಳುವವರು ಬೇಕಲ್ಲ! ಊರು ನಿಜವಾಗಿ ಹುಟ್ಟಿದ್ದು ಇಲ್ಲಿ. ದೀಪ ಹಚ್ಚುವವರು, ಕಸ ಗುಡಿಸುವವರು, ಕುರಾನು ಓದುವವರು, ನಗಾರಿ ಬಾರಿಸುವವರು, ಹೂ ಮಾರುವವರು, ಬಂದವರಿಗೆ ಅನ್ನ ಬೇಯಿಸುವವರು. ಖಾನ್ದೇಶದ ಫಾರೂಕಿ ಸುಲ್ತಾನರು, ಮೊಗಲರು, ಆಮೇಲೆ ನಿಜಾಮರು ದರ್ಗಾಗಳಿಗೆ ಹಳ್ಳಿಗಳನ್ನೂ ಜಮೀನುಗಳನ್ನೂ ಇನಾಮು ಬಿಟ್ಟರು. ಆ ಉತ್ಪನ್ನದಲ್ಲಿ ಖಾದಿಮರ ಮನೆತನಗಳಿಗೆ ಪಾಲು. ನಮ್ಮ ಹಳ್ಳಿಗಳ ಪೂಜಾರಿಕೆ, ತಳವಾರಿಕೆ ಇನಾಮುಗಳನ್ನು ಬಲ್ಲವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸೇವೆ ಮಾಡುವ ತನಕ ಉಣ್ಣು. ಮಾರುವ ಹಕ್ಕು ನಿನಗಿಲ್ಲ. ಊರಿಗೆ ಕಲ್ಲಿನ ಕೋಟೆಗೋಡೆಯೂ ದರವಾಜೆಗಳೂ ಬಂದದ್ದು ಔರಂಗಜೇಬನ ಕಾಲದಲ್ಲಿ. ಗೋಡೆಯೊಳಗೆ ಸತ್ತವರಿಗೆ ಗುಮ್ಮಟ, ಬದುಕಿದವರಿಗೆ ಹೆಂಚಿನ ಮನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬಗೆಯ ಬಿಡಾರದವರು ಬಂದರು. ಔರಂಗಾಬಾದಿನ ದಂಡಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಇಂಗ್ಲಿಷ್ ಅಧಿಕಾರಿಗಳಿದ್ದರು. ಏಪ್ರಿಲ್, ಮೇ ತಿಂಗಳ ಸೆಕೆಗೆ ಅವರು ಕಂಡುಕೊಂಡ ಉಪಾಯ ರೌಜಾ. ವಾರಸುದಾರರಿಲ್ಲದ ಒಂದೆರಡು ಹಳೆಯ ಗುಮ್ಮಟಗಳಿಗೆ ಬಾಗಿಲು ಕಿಟಕಿ ಕೂಡಿಸಿ ಬೇಸಗೆಯ ಬಂಗಲೆ ಮಾಡಿಕೊಂಡರು. ವೇರೂಳ ನೋಡಲು ಬಂದವರೂ ಅಲ್ಲಿಯೇ ಇಳಿಯುತ್ತಿದ್ದರು. 1900ರಲ್ಲಿ ಮನಮಾಡದಿಂದ ಔರಂಗಾಬಾದಿನ ಮಾರ್ಗವಾಗಿ ನಿಜಾಮರ ರೈಲು ಓಡುವ ಮೊದಲು ಪ್ರವಾಸಿಗರು ನಾಂದಗಾಂವದಲ್ಲಿ ಇಳಿದು ಟಾಂಗಾ ಹಿಡಿದು ಬರಬೇಕಿತ್ತು. ಅಷ್ಟು ದೂರದ ಧೂಳು ಕುಡಿದು ಬಂದವರಿಗೆ ಗೋರಿಯಾದರೇನು, ತಂಪಾಗಿದ್ದರೆ ಸಾಕು.

ವಿಜ್ಞಾನ ಓದಿದವನಾದ್ದರಿಂದ ನನಗೆ ಇಲ್ಲಿ ಒಂದು ಲೆಕ್ಕ ಹಾಕುವ ಚಪಲ. ಔರಂಗಾಬಾದು ಸಮುದ್ರಮಟ್ಟದಿಂದ ಸುಮಾರು 1,900 ಅಡಿ, ಖುಲ್ತಾಬಾದು ಸುಮಾರು 2,700 ಅಡಿ. ವ್ಯತ್ಯಾಸ 800 ಅಡಿ. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಇಲ್ಲಿ ಸಿಗುವುದು ಒಂದೂವರೆ ಡಿಗ್ರಿಯ ತಂಪು ಮಾತ್ರ. ಕೆಳಗೆ 41 ಇದ್ದರೆ ಮೇಲೆ 39 ಚಿಲ್ಲರೆ. ಇದಕ್ಕಾಗಿ ಯಾರು ಘಾಟು ಹತ್ತುತ್ತಾರೆ? ಉತ್ತರ ಇರುವುದು ಗೋಡೆಯಲ್ಲಿ. ಹಲವು ಅಡಿ ದಪ್ಪದ ಕರಿಕಲ್ಲಿನ ಗೋಡೆ, ಎತ್ತರದ ಗುಮ್ಮಟ, ಸುತ್ತ ತಡೆಯಿಲ್ಲದ ಬಯಲುಗಾಳಿ. ಹಗಲಿನ ಶಾಖ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಇಂದು ಅದೇ ಬೆಟ್ಟದ ಮೇಲೆ ನಾಲ್ಕಂಗುಲದ ಗೋಡೆ, ತಗಡಿನ ಮಾಡು ಹಾಕಿ ‘ತಂಪು ಹವೆಯ ಮನೆ’ ಎಂದು ಮಾರಿದರೆ ತಂಪು ಬರಬೇಕಾದ್ದು ಏರ್ ಕಂಡಿಷನರಿನಿಂದಲೇ. ಮ್ಹೈಸಮಾಳದ ಎತ್ತರ ಸುಮಾರು 3,500 ಅಡಿ ಇರುವುದರಿಂದ ಅಲ್ಲಿ ಮಾತು ಸ್ವಲ್ಪ ಬೇರೆ. ಅದೂ ಮಳೆಗಾಲದಲ್ಲಿ ಮಂಜು ಕವಿದಾಗ ನೋಡಬೇಕು.

ಗೋರಿಯಲ್ಲಿ ಸಂಸಾರ ಹೂಡಿದ ಇಂಗ್ಲಿಷರನ್ನು ಕಂಡು ಆಶ್ಚರ್ಯಪಡಬೇಕಾಗಿಲ್ಲ. ನಮ್ಮ ಬಿಜಾಪುರದಲ್ಲಿಯೂ ಒಂದು ಮಸೀದಿ ಪ್ರವಾಸಿ ಬಂಗಲೆಯಾಗಿತ್ತು, ಇನ್ನೊಂದು ಪೋಸ್ಟಾಫೀಸಾಗಿತ್ತು. ಅವನ್ನು ಖಾಲಿ ಮಾಡಿಸಿದ್ದು ಇದೇ ಕರ್ಜನ್. ಅವನ ಬೇರೆ ಗುಣದೋಷ ಏನೇ ಇರಲಿ, ಈ ಒಂದು ವಿಷಯದಲ್ಲಿ ನಾವು ಅವನಿಗೆ ಋಣಿಗಳು.

1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಆ ದಿನವನ್ನು ಕಲಬುರಗಿಯಲ್ಲಿಯೂ ಸಂಭಾಜಿನಗರದಲ್ಲಿಯೂ ಇಂದಿಗೂ ಬಾವುಟ ಹಾರಿಸಿ ಆಚರಿಸುತ್ತಾರೆ. 1956ರ ನವೆಂಬರ್ 1ರವರೆಗೆ ಔರಂಗಾಬಾದು, ಗುಲ್ಬರ್ಗಾ, ಬೀದರ, ರಾಯಚೂರು ಒಂದೇ ರಾಜ್ಯದ ಜಿಲ್ಲೆಗಳು. ಅಂದು ಮರಾಠವಾಡೆ ಮುಂಬಯಿ ರಾಜ್ಯಕ್ಕೆ ಹೋಯಿತು, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ ಬಂದವು. ಜಿಲ್ಲೆಗಳು ಬೇರೆಯಾದರೂ ಜಮೀನಿನ ಕಾಯಿದೆಗಳ ಬೇರು ಒಂದೇ. 1954ರ ಹೈದರಾಬಾದ್ ಇನಾಮು ರದ್ದತಿ ಕಾಯಿದೆ ಇನಾಮುಗಳ ಕಾಲವನ್ನು ಮುಗಿಸಿತಾದರೂ ಧಾರ್ಮಿಕ ಸಂಸ್ಥೆಗಳ ಇನಾಮನ್ನು ಹೊರತುಪಡಿಸಿತು. ಆದ್ದರಿಂದ ಖುಲ್ತಾಬಾದಿನಲ್ಲಿ ಎಂಥ ವಿಚಿತ್ರವೆಂದರೆ, ರಾಜರು ಹೋದರು, ರಾಜ್ಯಗಳು ಹೋದವು, ದೀಪದ ಎಣ್ಣೆಗೆಂದು ಬಿಟ್ಟ ಹೊಲ ಮಾತ್ರ ದಾಖಲೆಯಲ್ಲಿ ಹಾಗೆಯೇ ನಿಂತಿತು.

ನಮ್ಮ ಸದಸ್ಯರ ಪ್ರಶ್ನೆ ಇಲ್ಲಿಗೆ ಬಂದು ಸೇರುತ್ತದೆ. ಬೆಟ್ಟದ ಮೇಲಿನ ಜಮೀನುಗಳಲ್ಲಿ ಕೆಲವು ರೈತರ ಸ್ವಂತದ್ದು, ಕೆಲವು ಸರಕಾರದ್ದು, ಕೆಲವು ಅರಣ್ಯ, ಕೆಲವು ದೇವಸ್ಥಾನದ್ದು, ಕೆಲವು ದರ್ಗಾಗಳ ವಕ್ಫ್. ಫಲಕದ ಮೇಲೆ ಬಣ್ಣದ ಬಂಗಲೆಯ ಚಿತ್ರವಿರುತ್ತದೆಯೇ ಹೊರತು ಈ ವರ್ಗ ಬರೆದಿರುವುದಿಲ್ಲ. ಸಾತ್-ಬಾರಾ ಉತಾರೆಯಲ್ಲಿ, ಅಂದರೆ ನಮ್ಮ ಪಹಣಿಯಲ್ಲಿ, ಭೋಗವಟದಾರ ವರ್ಗ ಒಂದೋ ಎರಡೋ ಇನಾಮೋ ಎಂದು ನೋಡಬೇಕು. ವರ್ಗ ಎರಡಾದರೆ ಅನುಮತಿಯಿಲ್ಲದೆ ಪರಭಾರೆಯಿಲ್ಲ. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಕೃಷಿಭೂಮಿಯನ್ನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಎಕರೆಯನ್ನು ಗುಂಟೆ ಗುಂಟೆಯಾಗಿ ಕತ್ತರಿಸಿ ಬಾಂಡ್ ಪೇಪರಿನ ಮೇಲೆ ಮಾರುವ ‘ಗುಂಠೇವಾರಿ’ಯ ಕಷ್ಟ ಸಂಭಾಜಿನಗರದ ಹೊರವಲಯದಲ್ಲಿ ಮನೆ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಕಾಗದ ಸರಿಯಿದ್ದರೂ ಇನ್ನೊಂದು ಮಾತಿದೆ. ವರ್ಷಕ್ಕೆ ಹದಿನೈದು ದಿನ ತೆರೆಯುವ ಮನೆ ಊರಿಗೆ ಏನು ಕೊಡುತ್ತದೆ? ಕಾವಲುಗಾರನೊಬ್ಬನಿಗೆ ಸಂಬಳ, ಬೋರ್‌ವೆಲ್ಲಿಗೆ ಒಂದು ತೂತು. ಹಳೆಯ ಗುಮ್ಮಟಗಳೇ ಎಷ್ಟೋ ವಾಸಿ! ಅವುಗಳ ಒಡೆಯರು ಎಂದೂ ಮನೆ ಬಿಟ್ಟು ಹೋಗುವವರಲ್ಲ, ಅವರ ಹೆಸರಿನಲ್ಲಿ ಹೂವಿನವನಿಗೂ ಮಿಠಾಯಿಯವನಿಗೂ ವರ್ಷವಿಡೀ ವ್ಯಾಪಾರ. ಜರ್ ಜರಿ ಜರ್ ಬಖ್ಷ್ ಉರುಸು ಬಂತೆಂದರೆ ಊರಿನ ತುಂಬ ಜಾತ್ರೆ. ಜೈನುದ್ದೀನರ ದರ್ಗಾದಲ್ಲಿ ಪ್ರವಾದಿಯವರದೆಂದು ನಂಬುವ ನಿಲುವಂಗಿಯನ್ನು ವರ್ಷಕ್ಕೊಮ್ಮೆ ತೋರಿಸುತ್ತಾರೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ ಭದ್ರ ಮಾರುತಿಯ ಗುಡಿ. ನಿಂತ ಹನುಮಂತನನ್ನು ನಾವು ಎಲ್ಲೆಡೆ ನೋಡುತ್ತೇವೆ. ಇಲ್ಲಿ ಮಲಗಿದ ಹನುಮಂತ. ಶ್ರಾವಣದ ಶುಕ್ರವಾರ ರಾತ್ರಿ ಸಂಭಾಜಿನಗರದಿಂದ ಹೊರಟು, ಇಪ್ಪತ್ತೈದು ಕಿಲೋಮೀಟರು ನಡೆದು, ಘಾಟು ಹತ್ತಿ, ಶನಿವಾರ ಬೆಳಗಿನ ಹೊತ್ತಿಗೆ ದರ್ಶನಕ್ಕೆ ನಿಲ್ಲುವವರು ಸಾವಿರಾರು ಮಂದಿ. ಹತ್ತಿರದ ಶೂಲಿಭಂಜನದಲ್ಲಿ ಸಂತ ಏಕನಾಥರು ತಪಸ್ಸು ಮಾಡಿದರೆಂದು ದತ್ತಾತ್ರೇಯನ ಭಕ್ತರು ಹೋಗುತ್ತಾರೆ. ಒಂದೇ ಅಂಗಡಿಯವನು ಒಂದು ತಿಂಗಳು ಚಾದರಿಗೆ ಹೂ ಕಟ್ಟುತ್ತಾನೆ, ಇನ್ನೊಂದು ತಿಂಗಳು ಮಾರುತಿಗೆ ತೆಂಗಿನಕಾಯಿ ಪೇರಿಸುತ್ತಾನೆ.

ಆದ್ದರಿಂದಲೇ 2025ರ ಮಾರ್ಚಿನಲ್ಲಿ ಔರಂಗಜೇಬನ ಗೋರಿಯನ್ನು ತೆಗೆಯಬೇಕೆಂಬ ಕೂಗೆದ್ದು, ನಾಗಪುರದಲ್ಲಿ ಗಲಭೆಯಾಗಿ, ಇಲ್ಲಿ ಪೊಲೀಸು ಬಂದೋಬಸ್ತು, ಗೋರಿಯ ಸುತ್ತ ತಗಡಿನ ಮರೆ ಬಂದಾಗ ನನ್ನ ಚಿಂತೆಯೆಲ್ಲ ಆ ಅಂಗಡಿ ಸಾಲಿನದು. ಬಾದಶಹನ ಗುಣದೋಷದ ವಿಚಾರಣೆ ಇತಿಹಾಸಕಾರರಿಗೆ ಬಿಟ್ಟದ್ದು. ಅವನ ದಂಡಿನಿಂದ ನಮ್ಮ ಬಿಜಾಪುರ ಪಟ್ಟ ಪಾಡನ್ನು ಮರೆಯುವಂತೆಯೂ ಇಲ್ಲ. ಆದರೆ ಯಾತ್ರಿಕರ ಬಸ್ಸು ಘಾಟು ಹತ್ತದೆ ನೇರವಾಗಿ ಮುಂದೆ ಹೋದರೆ ಒಲೆ ಹೊತ್ತದಿರುವುದು ಯಾರ ಮನೆಯಲ್ಲಿ? ಮುಂದಿನ ತಿಂಗಳು ರಾಜ್ಯದ ಸಚಿವರೊಬ್ಬರು ಊರಿಗೆ ರತ್ನಪುರವೆಂದು ಹೆಸರಿಡುವ ಮಾತನ್ನೆತ್ತಿದರು. ಗುಲ್ಬರ್ಗಾ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ಹೆಸರು ಬದಲಾವಣೆ ನಮಗೆ ಹೊಸದಲ್ಲ. ಅಂಚೆಯವನಿಗೆ ವಿಳಾಸ ತಿಳಿದರಾಯಿತು.

ಇನ್ನು ಪ್ಲಾಟು ನೋಡಲು ಹೋಗಿಯೇ ಹೋಗುವೆನೆಂಬವರಿಗೆ ಒಂದು ಸೂಚನೆ. ಇಂದಿನ ಗಣಕಯಂತ್ರದ ಉತಾರೆಯೊಂದನ್ನೇ ನೋಡಿ ತೃಪ್ತರಾಗಬೇಡಿ. 1954-55ರ ಖಾಸರಾ ಪಹಣಿ ಪತ್ರಕದ ನಕಲನ್ನು ಕೇಳಿ. ಜಮೀನು ಇನಾಮಿನದೆಂಬ ಸಂಶಯವಿದ್ದರೆ ನಿಜಾಮರ ಕಾಲದ ‘ಮುಂತಖಬ್’ ಇದೆಯೇ ವಿಚಾರಿಸಿ. ನಿಜಾಮರ ಆಡಳಿತದ ಭಾಷೆ ಉರ್ದುವಾದ್ದರಿಂದ ಹಳೆಯ ಕಾಗದಗಳಲ್ಲಿ ಬಹಳಷ್ಟು ಉರ್ದುವಿನವು, ಅದೂ ಗುಮಾಸ್ತರ ಓಟದ ಕೈಬರಹ. ಮುಂಬಯಿಯ ವಕೀಲರಲ್ಲಿ ಅದನ್ನು ಓದಬಲ್ಲವರು ಅಪರೂಪ. ಆದರೆ ಕಲಬುರಗಿ, ಬೀದರ, ರಾಯಚೂರಿನಲ್ಲಿ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಅಕ್ಷರ ಕಲಿತ, ಮನೆಯಲ್ಲಿ ಕನ್ನಡ ಮಾತಾಡುವ ಹಿರಿಯರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ತೊಂಬತ್ತರ ಹತ್ತಿರದ ಅಂಥ ಅಜ್ಜ ನಿಮ್ಮ ಬಂಧುಬಳಗದಲ್ಲಿದ್ದರೆ ಕಾಗದದ ಜೆರಾಕ್ಸು ತೆಗೆದುಕೊಂಡು ಮೊದಲು ಅವರಲ್ಲಿಗೆ ಹೋಗಿ.